ಗಾಜಿನ ಕಡಲಲ್ಲಿ ಮೊದಲು ಹುಟ್ಟುವುದು ನಂಜು

ಕಲ್ಲಿಕೋಟೆಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ವಯನಾಡಿನ ಘಟ್ಟ ಹತ್ತಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳನ್ನು ಹಾದು, ತಿರುಮಕೂಡಲು ನರಸೀಪುರದ ಮೂಲಕ ಕೊಳ್ಳೇಗಾಲ ಸೇರುತ್ತದೆ. ಈ ಎರಡೂ ಊರುಗಳಿಗೆ ಅರಬ್ಬೀ ಸಮುದ್ರದ ಜೊತೆ ನೇರ ನಂಟು ಇರುವುದು ಈ ರಸ್ತೆಯಿಂದ. ನದಿಯಿಂದಲ್ಲ. ಕಪಿಲೆ ಆ ಕಡಲಿಗೆ ಹತ್ತಿರದ ವಯನಾಡಿನಲ್ಲೇ ಹುಟ್ಟಿದರೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತದೆ. ನಂಜನಗೂಡನ್ನು ಮುಟ್ಟಿ, ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಹೊಳೆಮೀನು, ಕೆರೆಮೀನು ಕಂಡು ಬೆಳೆದ ಇಂಥ ಊರುಗಳಲ್ಲೂ, ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಕಡಲ ಮೀನಿನ ಆಸೆ ಹುಟ್ಟುತ್ತದೆ.

ಈ ಆಸೆ ಹೊಸದಲ್ಲ. ಅದಕ್ಕೆ ಸುಮಾರು 190 ವರ್ಷಗಳ ಚರಿತ್ರೆಯಿದೆ. ಇಂದು ಹೊಸದಾಗಿ ಉಪ್ಪುನೀರಿನ ತೊಟ್ಟಿ ಇಡುವವರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಆ ಚರಿತ್ರೆಯಲ್ಲಿ ಆಗಲೇ ನಡೆದುಹೋಗಿವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಆ ಕಥೆಯನ್ನು ತಿಳಿಯುವುದು ಒಳ್ಳೆಯದು.

1832ರಲ್ಲಿ ಸಿಸಿಲಿಯ ಮೆಸ್ಸಿನಾ ಪಟ್ಟಣದಲ್ಲಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ-ಪವರ್ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಅಷ್ಟಪಾದಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಅವರದು ಕಡಲ ದಡದ ಊರು. ನಂಜನಗೂಡಿನವರ ಕಷ್ಟಕ್ಕೆ ಹೆಚ್ಚು ಹತ್ತಿರವಾದವರು ಲಂಡನ್ನಿನ ಆ್ಯನಾ ಥಿನ್. 1846ರಲ್ಲಿ ಅವರು ಟಾರ್ಕೀ ಎಂಬ ಕರಾವಳಿ ಊರಿನಿಂದ ಕಲ್ಲುಹವಳದ ಜೀವಿಗಳನ್ನು ಲಂಡನ್ನಿಗೆ ತಂದರು. ಕಡಲ ನೀರನ್ನು ಪದೇ ಪದೇ ತರಿಸುವುದು ಸುಲಭವಿರಲಿಲ್ಲ. ಇದ್ದ ನೀರನ್ನೇ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿದು ಗಾಳಿ ಬೆರೆಸುವ ಉಪಾಯ ಮಾಡಿದರು. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದಂತೆಯೇ. ಮರುವರ್ಷ ಕಡಲ ಸಸ್ಯಗಳನ್ನೂ ಸೇರಿಸಿದರು. ಆ ಹವಳಗಳು ಸುಮಾರು ಮೂರು ವರ್ಷ ಬಾಳಿದವು.

ಈಗ ಆ ಸುರಿಯುವ ಕೆಲಸವನ್ನು ಪಂಪು ಮಾಡುತ್ತದೆ. ಆದರೆ ಕಾರಣ ಅದೇ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ಬೆಚ್ಚಗಾದಷ್ಟೂ ಅದು ಇನ್ನೂ ಇಳಿಯುತ್ತದೆ. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತರೆ, ಗೋಲ್ಡ್‌ಫಿಶ್ ತಡೆದುಕೊಳ್ಳುವಷ್ಟು ಹೊತ್ತು ಕಡಲ ಮೀನು ತಡೆಯಲಾರದು. ಬ್ಯಾಟರಿಯಲ್ಲಿ ಓಡುವ ಗಾಳಿಪಂಪನ್ನು ಮೀನಿಗಿಂತ ಮೊದಲೇ ಕೊಂಡಿಡಬೇಕು.

ಎರಡನೆಯ ಪಾಠ ಉಪ್ಪಿನದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ತಲುಪಿಸಿತು. ಅದೇ ವರ್ಷ ಅವರು ಕಡಲಿಗೆ ಹೋಗಲಾರದವರಿಗಾಗಿ ಕೃತಕ ಕಡಲ ನೀರಿನ ಪಾಕವನ್ನೂ ಪ್ರಕಟಿಸಿದರು. ಅದರಲ್ಲಿ ಅಡುಗೆ ಉಪ್ಪಿನ ಜೊತೆ ಎಪ್ಸಮ್ ಲವಣ, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಸೇರಿ ನಾಲ್ಕು ಲವಣಗಳಿದ್ದವು. ಕಡಲೆಂದರೆ ಬರೀ ಉಪ್ಪು ಕದಡಿದ ನೀರಲ್ಲ ಎಂಬುದು 1854ರಲ್ಲೇ ಗೊತ್ತಿತ್ತು. ದಿನಸಿ ಅಂಗಡಿಯ ಅಯೋಡಿನ್ ಉಪ್ಪನ್ನು ತೊಟ್ಟಿಗೆ ಸುರಿಯುವವರು ಅದಕ್ಕೂ ಹಿಂದಿನ ಕಾಲಕ್ಕೆ ಹೋಗಿ ನಿಲ್ಲುತ್ತಾರೆ. ಅಕ್ವೇರಿಯಂಗೆಂದೇ ಬೆರೆಸಿದ ಕಡಲ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಲವಣ ಬರುವಂತೆ ಕರಗಿಸಿ, ನೀರಿನ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ಇಡಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಗೊಬ್ಬರ ಉಂಡ ಗದ್ದೆಗಳ ನಡುವಿನ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇರಬಹುದು. ಆದ್ದರಿಂದ ಉಪ್ಪು ಕದಡಲು ಆರ್‌ಒ ನೀರೇ ಕ್ಷೇಮ.

ಇಲ್ಲೊಂದು ಸಣ್ಣ ಲೆಕ್ಕ ಅನೇಕರ ಕಣ್ಣು ತಪ್ಪಿಸುತ್ತದೆ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. 100 ಲೀಟರ್ ತೊಟ್ಟಿಯಲ್ಲಿ ಮೂರೂವರೆ ಕಿಲೋ ಉಪ್ಪಿದ್ದು, 10 ಲೀಟರ್ ಆವಿಯಾದರೆ ಲೀಟರಿಗೆ 35 ಗ್ರಾಂ ಇದ್ದದ್ದು ಸುಮಾರು 39 ಆಗುತ್ತದೆ. ಇಳಿದ ಮಟ್ಟ ತುಂಬಲು ಮತ್ತೆ ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ತುಂಬಬೇಕಾದದ್ದು ಸಿಹಿನೀರನ್ನು, ಅದೂ ದಿನವೂ ಸ್ವಲ್ಪ ಸ್ವಲ್ಪವಾಗಿ. ಚಿಕ್ಕ ತೊಟ್ಟಿ ಸುಲಭ ಎಂಬ ನಂಬಿಕೆಯೂ ಈ ಲೆಕ್ಕದ ಮುಂದೆ ಬಿದ್ದುಹೋಗುತ್ತದೆ. 20 ಲೀಟರಿನಲ್ಲಿ ಎರಡು ಲೀಟರ್ ಬಹಳ ಬೇಗ ಆರುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪಿನ ಮೂಲ ಇರುವುದು ಉಪ್ಪಿನಲ್ಲೂ ಅಲ್ಲ, ಗಾಳಿಯಲ್ಲೂ ಅಲ್ಲ. ಗಾಸ್‌ಗಿಂತ ಸ್ವಲ್ಪ ಮೊದಲು, 1850ರಲ್ಲಿ, ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗವನ್ನು ಪ್ರಕಟಿಸಿದ್ದರು. ಸಿಹಿನೀರಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಮತ್ತು ನೀರಗಿಡ ಇಟ್ಟರು. ಗಿಡದ ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ, ಅದನ್ನು ತಿನ್ನಲು ಬಸವನಹುಳು ಬಿಟ್ಟರು. ಪ್ರಾಣಿಯ ಉಸಿರು ಗಿಡಕ್ಕೆ, ಗಿಡದ ಉಸಿರು ಪ್ರಾಣಿಗೆ. ನೀರು ಬದಲಿಸಬೇಕಿಲ್ಲ. ಈ ಸಮತೋಲನದ ತತ್ತ್ವ ಬಹಳ ಅಂದವಾಗಿತ್ತು, ಜನ ಅದನ್ನು ನಂಬಿದರು. ಆದರೆ ಇದರಲ್ಲಿ ಒಬ್ಬ ಪಾಲುದಾರನ ಹೆಸರು ಬಿಟ್ಟುಹೋಗಿತ್ತು.

ನರಸೀಪುರದ ಸಂಗಮದಲ್ಲಿ ಕಣ್ಣಿಗೆ ಕಾಣುವ ನದಿಗಳು ಕಾವೇರಿ ಮತ್ತು ಕಪಿಲೆ, ಎರಡೇ. ಆದರೂ ಅದು ತ್ರಿವೇಣಿ ಸಂಗಮ. ಮೂರನೆಯದು ಗುಪ್ತಗಾಮಿನಿಯಾದ ಸ್ಫಟಿಕ ಸರೋವರ ಎಂಬುದು ಅಲ್ಲಿನ ನಂಬಿಕೆ. ಮೀನುತೊಟ್ಟಿಯಲ್ಲೂ ಹೀಗೆ ಕಾಣದ ಮೂರನೆಯವರಿದ್ದಾರೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಕೊಳಚೆ ನೀರನ್ನು ಮರಳಿನ ಮೂಲಕ ಇಳಿಸಿ ನೋಡಿದರು. ಅಮೋನಿಯ ನೈಟ್ರೇಟ್ ಆಗಿ ಹೊರಬಂತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಆ ಕೆಲಸ ನಿಂತುಹೋಯಿತು. ಅಂದರೆ ಅದು ಜೀವಿಗಳ ಕೆಲಸ. ಈ ಜಾಡನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಹಿಡಿದು ಹೋದವರು ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಗೋಲ್ಡ್‌ಫಿಶ್ ತೊಟ್ಟಿಯ ವಾರಿಂಗ್ಟನ್ನರ ಮಗ! ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದ ಯಶಸ್ಸು 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಯವರದಾಯಿತು. ತಂದೆಯ ತೊಟ್ಟಿಯಲ್ಲಿ ಅದೃಶ್ಯವಾಗಿ ದುಡಿಯುತ್ತಿದ್ದವರನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದ್ದು ವಿಜ್ಞಾನದ ಚರಿತ್ರೆಯ ಒಂದು ಸೊಗಸು.

ಈಗ ನಂಜನಗೂಡಿನ ಹೆಸರಿಗೆ ಬರೋಣ. ಅಮೃತಕ್ಕಾಗಿ ಕಡಲು ಕಡೆದಾಗ ಮೊದಲು ಎದ್ದದ್ದು ಹಾಲಾಹಲ. ಅದನ್ನು ಉಂಡವನು ನಂಜುಂಡ. ಹೊಸ ಕಡಲತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನಿನ ಕಿವಿರಿನಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತದೆ. ಕಡಲ ನೀರಿನ ಕ್ಷಾರ ಗುಣದಲ್ಲಿ ಅದರ ವಿಷ ಇನ್ನಷ್ಟು ಹರಿತ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ಮೀನಿಗೆ ಕೇಡು. ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ನಂಜುಂಡರು ಕಲ್ಲು, ಮರಳು, ಫಿಲ್ಟರುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀರು ತಿಳಿಯಾಗಿ ಕಂಡಿತೆಂದು ಮೊದಲ ವಾರದಲ್ಲೇ ಐದಾರು ಮೀನು ಬಿಡುವವರು ಅಮೃತಕ್ಕೆ ಅವಸರಪಟ್ಟು, ನಂಜು ಉಣ್ಣುವವನಿಗೆ ಕಾಯದವರು.

ನಮ್ಮ ಅಡುಗೆಮನೆಗಳಿಗೆ ಈ ತಾಳ್ಮೆ ಗೊತ್ತಿರುವುದೇ. ಹಾಲಿಗೆ ಹೆಪ್ಪು ಹಾಕಿ ಅಲುಗಾಡಿಸದೆ ಬಿಡುತ್ತೇವೆ. ಹಾಗೆಯೇ ಚೆನ್ನಾಗಿ ನಡೆಯುತ್ತಿರುವ ಕಡಲತೊಟ್ಟಿಯ ಫಿಲ್ಟರಿನ ಒಂದು ಹಿಡಿ ಹರಳು ಹೊಸ ತೊಟ್ಟಿಗೆ ಹೆಪ್ಪಾಗುತ್ತದೆ. ಚಿಟಿಕೆ ಮೀನಿನ ಆಹಾರ ಹಾಕಿ, ಮೀನಿಲ್ಲದೆಯೇ ತೊಟ್ಟಿಯನ್ನು ನಡೆಸಿ, ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಏರಿ ಇಳಿದು ಎರಡೂ ಸೊನ್ನೆಗೆ ಬಂದ ಮೇಲೆ ಒಂದು ಮೀನು ಬಿಡಬೇಕು. ಮತ್ತೊಂದಕ್ಕೆ ಮತ್ತೆ ಕೆಲವು ವಾರ. ಹಬ್ಬ ಬಂತೆಂದು ತೊಟ್ಟಿಯನ್ನೆಲ್ಲ ಖಾಲಿ ಮಾಡಿ, ಫಿಲ್ಟರನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೆ, ಶ್ಲೋಸಿಂಗರ ಕ್ಲೋರೋಫಾರ್ಮ್ ಮಾಡಿದ್ದನ್ನೇ ನಲ್ಲಿಯ ಕ್ಲೋರಿನ್ ಮಾಡಬಹುದು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಫಿಲ್ಟರನ್ನು ಹಗುರಾಗಿ ಅದ್ದಿ ತೆಗೆದರೆ ಸಾಕು.

ಈ ಚರಿತ್ರೆಯಲ್ಲಿ ತೊಟ್ಟಿಯ ಹೊರಗೆ ನಡೆದ ತಪ್ಪೂ ಒಂದಿದೆ. ಗಾಸ್‌ರ ಪುಸ್ತಕ ಓದಿದ ಜನ ಇಂಗ್ಲೆಂಡಿನ ದಡಗಳಿಗೆ ಮುಗಿಬಿದ್ದು ಬಂಡೆಗುಂಡಿಗಳನ್ನು ಬರಿದು ಮಾಡಿದರು. ಆ ನಾಶವನ್ನು ಕಣ್ಣಾರೆ ಕಂಡ ಮಗ ಎಡ್ಮಂಡ್ ಗಾಸ್ 1907ರ ತನ್ನ ‘ಫಾದರ್ ಅಂಡ್ ಸನ್’ ಕೃತಿಯಲ್ಲಿ ಅದಕ್ಕಾಗಿ ಮರುಗಿದ್ದಾನೆ. ತಂದೆಗೂ ಇದರ ನೋವಿತ್ತೆಂದು ಬರೆದಿದ್ದಾನೆ. ನಮ್ಮಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಲಕ್ಷದ್ವೀಪವಂತೂ ಹವಳದ ಮೇಲೇ ನಿಂತಿದೆ. ಬಂಡೆ ಕಟ್ಟುವ ಹವಳ, ಕಡಲಕುದುರೆ, ಕಡಲಸೌತೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ರಕ್ಷಿತ ಜೀವಿಗಳು. ಯಾರಾದರೂ ಸಲೀಸಾಗಿ ಮಾರಿದರೂ ಅವನ್ನು ಕೊಳ್ಳಬಾರದು. ಕ್ಲೌನ್ ಮೀನು ತೊಟ್ಟಿಯಲ್ಲೇ ಮರಿ ಮಾಡುತ್ತದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲೇ ಅದನ್ನು ಮರಿ ಮಾಡಿಸಿ ಬೆಳೆಸಿದ್ದಾರೆ. ಹೊಸಬರು ಮಾರುವವರನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಈ ಮೀನು ಹುಟ್ಟಿದ್ದು ತೊಟ್ಟಿಯಲ್ಲೋ ಕಡಲಲ್ಲೋ ಎಂದು. ನಮ್ಮ ತೊಟ್ಟಿಯಲ್ಲಿ ಮೀನು ಸತ್ತರೆ ಆ ನಷ್ಟ ನಮ್ಮ ಕಣ್ಣಿಗೆ ಬೀಳುತ್ತದೆ. ಅದು ಬಿಟ್ಟುಬಂದ ಹವಳದ ದಿಬ್ಬ ಬರಿದಾದದ್ದು ನಂಜನಗೂಡಿನಿಂದ ಕಾಣುವುದಿಲ್ಲ.