ಎರಡು ಸ್ಫೋಟಗಳ ನಡುವೆ

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಬಯಲಿನಲ್ಲಿ, ವೈಶಾಖದ ಒಂದು ಅಮಾವಾಸ್ಯೆಯ ರಾತ್ರಿ, ಆಗ್ನೇಯದಲ್ಲಿ ಮೇಲೇರಿದ ವೃಶ್ಚಿಕವನ್ನು ನೋಡುತ್ತ ನಿಂತದ್ದು ನನಗೆ ನೆನಪಿದೆ. ಕೆಂಪಗಿನ ಜ್ಯೇಷ್ಠೆಯನ್ನು ಯಾರೂ ಗುರುತಿಸಬಲ್ಲರು. ನಾನು ಅರಸುತ್ತಿದ್ದುದು ಅದರ ಉತ್ತರಕ್ಕಿರುವ, ಬರಿಗಣ್ಣಿಗೆ ಕಾಣದ ತಾರೆಯೊಂದರ ನೆಲೆಯನ್ನು. ಕಾಣದ್ದನ್ನು ನೋಡಲು ಹೋದವನೆಂದು ನೀವು ನಕ್ಕರೆ ಆಕ್ಷೇಪಣೆಯಿಲ್ಲ.

1863ರ ಮೇ 20ರಂದು ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ನರು ಅಲ್ಲೊಂದು ಹೊಸ ತಾರೆಯನ್ನು ದೂರದರ್ಶಕದಲ್ಲಿ ಕಂಡರು. ಕೆಲವೇ ದಿನಗಳಲ್ಲಿ ಅದು ಮಂಕಾಗಿ ಮರೆಯಾಯಿತು. ಯು ಸ್ಕಾರ್ಪಿಯೈ ಎಂಬ ಹೆಸರಷ್ಟೇ ಉಳಿಯಿತು. 1906ರಲ್ಲಿಯೂ 1936ರಲ್ಲಿಯೂ ಅದು ಮತ್ತೆ ಉರಿದಿತ್ತು; ನೋಡಿದವರಿಲ್ಲ. ಹಾರ್ವರ್ಡಿನ ಹಳೆಯ ಛಾಯಾಫಲಕಗಳನ್ನು ಹೆಲೆನ್ ಥಾಮಸ್ ಶೋಧಿಸಿದ ಮೇಲೆ ಆ ಸಂಗತಿ ಬೆಳಕಿಗೆ ಬಂದಿತು. ಆಮೇಲೆ 1979, 1987, 1999, 2010, 2022.

ಇದು ಒಂಟಿ ತಾರೆಯಲ್ಲ, ಜೋಡಿ. ಗಾತ್ರದಲ್ಲಿ ಭೂಮಿಗಿಂತ ದೊಡ್ಡದಲ್ಲದ, ತೂಕದಲ್ಲಿ ಸೂರ್ಯನನ್ನೂ ಮೀರಿದ ಶ್ವೇತಕುಬ್ಜ ಒಂದು. ಅದರೊಡನೆ ಸುಮಾರು 30 ಗಂಟೆಗೊಂದು ಸುತ್ತು ಹಾಕುವ ಸಂಗಾತಿ ಇನ್ನೊಂದು. ಸಂಗಾತಿಯ ಜಲಜನಕ ತಟ್ಟೆಯಾಗಿ ಸುಳಿಯುತ್ತ ಕುಬ್ಜದ ಮೇಲಿಳಿಯುತ್ತದೆ. ಪದರ ದಪ್ಪವಾದಂತೆ ತಳದ ಒತ್ತಡವೂ ತಾಪವೂ ಏರಿ, ಒಂದು ದಿನ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕುಬ್ಜ ಭಾರವಾದಷ್ಟೂ ತೆಳ್ಳಗಿನ ಪದರವೇ ಸಾಕು. ಆದುದರಿಂದಲೇ ಇಂಥವು ಕೆಲವು ದಶಕಗಳಲ್ಲೇ ಮತ್ತೆ ಸಿಡಿಯುತ್ತವೆ.

ಸಂತೆಯ ದಿನವಷ್ಟೇ ಬಂದು ಹೋದವನಿಗೆ ಊರಿನ ಬದುಕು ತಿಳಿಯುವುದಿಲ್ಲವಷ್ಟೆ. ಸ್ಫೋಟವನ್ನು ಎಲ್ಲರೂ ನೋಡುತ್ತಾರೆ; ನಡುವಿನ ಮೌನವನ್ನು ಕಾಯುವವರು ವಿರಳ. ಮದರಾಸಿನ ವೀಕ್ಷಣಾಲಯದ ಪರಂಪರೆ ಕೊಡೈಕನಾಲನ್ನು ಹಾದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿದೆ. ಉರಗಧರ ಪುಂಜದ ಆರ್‌ಎಸ್ ತಾರೆ 1985ರಲ್ಲಿ ಸಿಡಿದಾಗ ಈ ಸಂಸ್ಥೆಯವರು ಕಾವಲೂರಿನಿಂದ ಅದನ್ನು ಅಭ್ಯಸಿಸಿದರು. ಅಲ್ಲಿಗೆ ಬಿಡಲಿಲ್ಲವೆಂಬುದೇ ನನಗೆ ಮೆಚ್ಚುಗೆ. ಜಿ. ಸಿ. ಅನುಪಮಾ ಅವರು ಅದರ ಮತ್ತು ಉತ್ತರ ಕಿರೀಟದ ಟಿ ತಾರೆಯ ಶಾಂತಕಾಲದ ರೋಹಿತಗಳನ್ನು ವರ್ಷಾನುಗಟ್ಟಲೆ ಪರಿಶೀಲಿಸಿ, ಪೋಲೆಂಡಿನ ಯೊವಾನಾ ಮಿಕೊವಾಯೆವ್ಸ್ಕಾ ಅವರೊಡನೆ 1999ರಲ್ಲಿ ಪ್ರಕಟಿಸಿದರು. ಕೆಂಪು ದೈತ್ಯ ಸಂಗಾತಿಯ ಬೆಳಕಿನ ನಡುವೆ ಜಲಜನಕದ ರೇಖೆಗಳು ಏರಿಳಿಯುತ್ತಿದ್ದವು. ಶಾಂತಿಯೆಂದರೆ ನಿಶ್ಚಲತೆಯಲ್ಲ, ದ್ರವ್ಯ ಸುರಿಯುವ ವೇಗವೇ ಬದಲಾಗುತ್ತಿರುತ್ತದೆ.

ಇದರಿಂದೇನು ಎಂದು ಕೇಳಬಹುದು. ಸುರಿದದ್ದು ಹೆಚ್ಚೋ, ಸ್ಫೋಟದಲ್ಲಿ ಚೆಲ್ಲಿದ್ದು ಹೆಚ್ಚೋ ಎಂಬ ಲೆಕ್ಕದ ಮೇಲೆ ಕುಬ್ಜದ ಭವಿಷ್ಯ ನಿಂತಿದೆ. ಉಳಿಕೆ ಕೂಡುತ್ತ ಚಂದ್ರಶೇಖರ್ ಮಿತಿಯನ್ನು, ಎಂದರೆ ಸುಮಾರು 1.4 ಸೂರ್ಯರ ತೂಕವನ್ನು, ಸಮೀಪಿಸಿದರೆ ಆ ತಾರೆಯೇ ಮಹಾಸ್ಫೋಟದಲ್ಲಿ ನಾಶವಾದೀತು. ಆ ಜಮಾಖರ್ಚಿನ ಜಮೆಯೆಲ್ಲ ಮೌನದ ವರ್ಷಗಳಲ್ಲಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಇಲ್ಲಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. 2006ರ ಮತ್ತು 2021ರ ಆರ್‌ಎಸ್ ಸ್ಫೋಟಗಳನ್ನು ಅದು ನೋಡಿತು.