ಮಲೆನಾಡಿನ ಮಳೆ, ಗಳಗಂಡ ಮತ್ತು ಒಂದು ಚಿಟಿಕೆ ಉಪ್ಪು



ತಟ್ಟೆಯ ಅನ್ನ ಹಲಾಲ್ ಆಗಿದೆಯೇ ಎಂದು ನಾವು ನೋಡುತ್ತೇವೆ. ಆ ಅನ್ನದಲ್ಲಿ ದೇಹಕ್ಕೆ ಬೇಕಾದುದೆಲ್ಲ ಇದೆಯೇ ಎಂದು ನೋಡುವುದು ಕಡಿಮೆ. ಮಲೆನಾಡಿನವರಾದ ನಮಗೆ ಈ ಪ್ರಶ್ನೆ ಬಹಳ ಮುಖ್ಯ.

ಸಿರಿಮನೆ, ಕಿಗ್ಗ, ಆಗುಂಬೆಯ ಕಡೆ ಸುರಿಯುವ ಮಳೆ ಅಲ್ಲಾಹನ ದೊಡ್ಡ ಅನುಗ್ರಹ. ಆದರೆ ಇದೇ ಮಳೆ ಸಾವಿರಾರು ವರ್ಷಗಳಿಂದ ಮೇಲ್ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದು ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಸಾಗಿಸಿದೆ. ಭತ್ತದ ಗಿಡ ಬೆಳೆಯಲು ಅಯೋಡಿನ್ ಬೇಕಿಲ್ಲ. ಹಾಗಾಗಿ ಗದ್ದೆ ಹಸಿರಾಗಿಯೇ ಇರುತ್ತದೆ. ಆದರೆ ಆ ಅಕ್ಕಿ ತಿನ್ನುವ ಮನುಷ್ಯನಿಗೂ, ಹುಲ್ಲು ಮೇಯುವ ದನಕ್ಕೂ ಅದು ಬೇಕೇ ಬೇಕು. ದೇಹ ಅದನ್ನು ತಾನೇ ತಯಾರಿಸಲಾರದು.

ಆಹಾರದ ಅಯೋಡಿನ್ ಜಠರ ಮತ್ತು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅದನ್ನು ಹಿಡಿದು ಹಾರ್ಮೋನ್ ಮಾಡುತ್ತದೆ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ, ಗರ್ಭಿಣಿಯರಿಗೆ 250. ಅದೂ ಸಿಗದಿದ್ದರೆ ಗ್ರಂಥಿ ಊದಿಕೊಳ್ಳುತ್ತದೆ. ಇದೇ ಗಳಗಂಡ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಕುತ್ತಿಗೆಯ ಗಡ್ಡೆ ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಅದಕ್ಕಿಂತ ದೊಡ್ಡದು: ತಾಯಿಗೆ ತೀವ್ರ ಕೊರತೆಯಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಗಳಗಂಡವನ್ನು ಶಾಪವೆಂದೋ ದೃಷ್ಟಿಯೆಂದೋ ತಿಳಿದ ಕಾಲವಿತ್ತು. 1811ರಲ್ಲಿ ಫ್ರಾನ್ಸ್‌ನ ಕೂರ್ತ್ವಾ ಎಂಬವರು ಸಮುದ್ರಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದರು. 1922ರಲ್ಲಿ ಸ್ವಿಟ್ಜರ್ಲೆಂಡ್‌ನ ಬೆಟ್ಟದ ಜನರಿಗೆ ಅದನ್ನು ಉಪ್ಪಿನಲ್ಲಿ ಬೆರೆಸಿ ಕೊಡಲಾಯಿತು. ನಮ್ಮ ದೇಶದಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಇದನ್ನು ಪರೀಕ್ಷಿಸಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. ಅದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಗಳಗಂಡ ಹೆಚ್ಚೆಂದು ಗುರುತಿಸಿದ ಜಿಲ್ಲೆಗಳಲ್ಲಿ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಜೊತೆ ನಮ್ಮ ಚಿಕ್ಕಮಗಳೂರೂ ಇದೆ. 2000ದಲ್ಲಿ ಕೇಂದ್ರ ಸರ್ಕಾರ ಅಯೋಡಿನ್ ಇಲ್ಲದ ಉಪ್ಪಿನ ಮೇಲಿನ ನಿಷೇಧ ತೆಗೆದುಹಾಕಿ, 2006ರಲ್ಲಿ ಮತ್ತೆ ಹೇರಬೇಕಾಯಿತು.

ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಬೆರೆಸದ ಉಪ್ಪಿನಲ್ಲಿ ಇರುವುದು ಅತ್ಯಲ್ಪ. ಘಟ್ಟ ಹತ್ತಿ ಬರುವ ಸಮುದ್ರದ ಮೀನಿನಲ್ಲಿ ಇದೆ, ಆದರೆ ಅದು ಎಲ್ಲ ಮನೆಗಳಲ್ಲಿ ದಿನವೂ ಇರುವುದಿಲ್ಲ.

ಆದ್ದರಿಂದ ಸಹೋದರಿಯರೇ, ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ನೋಡಿ ಉಪ್ಪು ತನ್ನಿ. ನಮ್ಮ ಮಳೆಗಾಲದ ತೇವಕ್ಕೆ ಅಯೋಡಿನ್ ಕಳೆದುಹೋಗುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಒಲೆಯ ಹತ್ತಿರ ಇಡಬೇಡಿ. ಕಲ್ಲುಪ್ಪನ್ನು ತೊಳೆದು ಬಳಸಬೇಡಿ. ಸಾರಿಗೆ ಉಪ್ಪನ್ನು ಕೊನೆಯಲ್ಲಿ ಹಾಕಿ. ಹಾಗೆಂದು ಹೆಚ್ಚು ಉಪ್ಪು ತಿನ್ನುವುದಲ್ಲ, ದಿನಕ್ಕೆ ಐದು ಗ್ರಾಂ ಮೀರಬಾರದು. ಕುತ್ತಿಗೆಯಲ್ಲಿ ಊತ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ.

ದೇಹ ನಮ್ಮ ಸ್ವಂತದ್ದಲ್ಲ, ಅಮಾನತ್ತು. ಹುಟ್ಟಲಿರುವ ಮಗುವಿನ ಬುದ್ಧಿಯೂ ನಮ್ಮ ಕೈಗೆ ಒಪ್ಪಿಸಿದ ಅಮಾನತ್ತೇ. ಅದನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.