ಸಾವಿನ ಮನೆಯಲ್ಲಿ ಇಷ್ಟೆಲ್ಲಾ ಪ್ರಶ್ನೆ ಯಾಕೆ? ಕಣ್ಣಿನ ಕಸಿ ಮತ್ತು ಸೋಂಕಿನ ಇತಿಹಾಸ

ಇವತ್ತಿನ ಸಂಚಿಕೆ ಒಂದು ಸಾವಿನ ಮನೆಯಿಂದ ಶುರುವಾಗುತ್ತೆ.

ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ ಅಂದ್ಕೊಳ್ಳಿ. ಮಗ ಐ ಬ್ಯಾಂಕಿಗೆ ಫೋನ್ ಮಾಡ್ತಾನೆ. ಆರು ಗಂಟೆಯೊಳಗೆ ಕಣ್ಣು ತೆಗೀಬೇಕು, ಹಾಗಾಗಿ ತಂಡ ಬೇಗ ಬರುತ್ತೆ. ಬಂದವರು ಕೇಳೋಕೆ ಶುರು ಮಾಡ್ತಾರೆ. ಹೇಗೆ ತೀರಿಕೊಂಡ್ರು? ಜ್ವರ ಇತ್ತಾ? ಕಾಮಾಲೆ ಆಗಿತ್ತಾ? ಇತ್ತೀಚೆಗೆ ನಾಯಿ ಏನಾದ್ರೂ ಕಚ್ಚಿತ್ತಾ? ಆಮೇಲೆ ದೇಹದಿಂದ ಸ್ವಲ್ಪ ರಕ್ತಾನೂ ತಗೋತಾರೆ. ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪನಿಗೆ ಸಿಟ್ಟು ಬರುತ್ತೆ: "ದಾನ ಕೊಡ್ತೀವಿ ಅಂದ್ರೆ ಪೊಲೀಸರ ಥರ ವಿಚಾರಣೆ ಮಾಡ್ತೀರಲ್ರೀ!"

ಆ ಸಿಟ್ಟು ಸಹಜ. ಆದ್ರೆ ಆ ಪ್ರಶ್ನೆಗಳ ಹಿಂದೆ ಒಂದು ಇತಿಹಾಸ ಇದೆ.

ಕಣ್ಣಿನ ಕರಿಗುಡ್ಡೆಯ ಮೇಲೆ ಗಾಜಿನ ಹಾಗೆ ಒಂದು ತೆಳು ಪದರ ಇರುತ್ತೆ. ಅದೇ ಕಾರ್ನಿಯಾ. ಅದು ಬೆಳ್ಳಗಾದ್ರೆ ಬೆಳಕು ಒಳಗೆ ಹೋಗಲ್ಲ, ದೃಷ್ಟಿ ಹೋಗುತ್ತೆ. ಅದನ್ನ ಬದಲಾಯಿಸಬಹುದು ಅಂತ ಮೊದಲು ತೋರಿಸಿದವರು ಎಡ್ವರ್ಡ್ ಝಿರ್ಮ್. ದಿನಾಂಕ 1905ರ ಡಿಸೆಂಬರ್ 7, ಜಾಗ ಈಗಿನ ಚೆಕ್ ಗಣರಾಜ್ಯದ ಓಲೊಮೌಟ್ಸ್. ರೋಗಿ ಒಬ್ಬ ಕೂಲಿ ಕೆಲಸಗಾರ, ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟಿದ್ದವು. ದಾನಿ 11 ವರ್ಷದ ಹುಡುಗ. ಕಬ್ಬಿಣದ ಚೂರು ಹೊಕ್ಕು ಹಾಳಾಗಿದ್ದ ಅವನ ಕಣ್ಣನ್ನ ತೆಗೆಯಲೇಬೇಕಾಗಿತ್ತು. ಕಸಿ ಮಾಡಿದ ಎರಡು ಕಣ್ಣಲ್ಲಿ ಒಂದು ಕೈಕೊಟ್ಟಿತು, ಇನ್ನೊಂದು ತಿಳಿಯಾಗೇ ಉಳೀತು. ಆ ಮನುಷ್ಯ ಮತ್ತೆ ಕೆಲಸಕ್ಕೆ ಹೋದ.

ಗಮನಿಸಿ, ಆಗ ಆಂಟಿಬಯೋಟಿಕ್ ಅನ್ನೋದೇ ಇರಲಿಲ್ಲ. ಶುಚಿಯಾದ ಉಪಕರಣ, ಶುದ್ಧ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ, ಇವೇ ಝಿರ್ಮ್ ಕೈಲಿದ್ದ ರಕ್ಷಣೆ.

1930ರ ದಶಕದಲ್ಲಿ ಒಡೆಸ್ಸಾದ ವ್ಲಾದಿಮಿರ್ ಫಿಲಾಟೊವ್ ದೊಡ್ಡ ತಿರುವು ತಂದರು. ಸತ್ತವರ ಕಾರ್ನಿಯಾ ಕೂಡ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟರು. 1944ರಲ್ಲಿ ನ್ಯೂಯಾರ್ಕಿನಲ್ಲಿ ಟೌನ್ಲಿ ಪ್ಯಾಟನ್ ಐ ಬ್ಯಾಂಕ್ ಕಟ್ಟಿದರು, ಮರುವರ್ಷವೇ ಮದ್ರಾಸಿನಲ್ಲೂ ಒಂದು ಶುರುವಾಯ್ತು. ಇಲ್ಲಿಂದ ಹೊಸ ಪ್ರಶ್ನೆ ಎದುರಾಯ್ತು. ಜೀವಂತ ದಾನಿಯಾದ್ರೆ ಅವನನ್ನೇ ಕೇಳಬಹುದು. ಸತ್ತವರು ತಮಗೇನಿತ್ತು ಅಂತ ಹೇಳಲ್ವಲ್ಲ!

ಮೊದಲ ಎಚ್ಚರಿಕೆ 1974ರಲ್ಲಿ ಬಂತು. ಅಮೆರಿಕದ 55 ವರ್ಷದ ಮಹಿಳೆಯೊಬ್ಬರಿಗೆ ಕಾರ್ನಿಯಾ ಕಸಿಯಾಗಿ 18 ತಿಂಗಳಾದ ಮೇಲೆ ಮಿದುಳಿನ ಕಾಯಿಲೆ ಕಾಣಿಸಿಕೊಂಡಿತು. ಹೆಸರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್. ಮಿದುಳನ್ನೇ ತಿಂದುಹಾಕುವ ರೋಗ, ಮದ್ದಿಲ್ಲ. ಅವರಿಗೆ ಕಣ್ಣು ಕೊಟ್ಟ ದಾನಿಗೂ ಅದೇ ಕಾಯಿಲೆ ಇತ್ತು ಅಂತ ಶವಪರೀಕ್ಷೆ ಹೇಳಿತು.

ನಾಲ್ಕು ವರ್ಷ ಬಿಟ್ಟು, 1978ರಲ್ಲಿ ಇನ್ನೊಂದು ಆಘಾತ. ಅಮೆರಿಕದಲ್ಲೇ ಒಬ್ಬ ವ್ಯಕ್ತಿ ಕೈಕಾಲು ಸ್ವಾಧೀನ ತಪ್ಪಿ ತೀರಿಕೊಂಡ. ಡಾಕ್ಟರುಗಳು ಅದನ್ನ ನರದ ಬೇರೆ ಕಾಯಿಲೆ ಅಂದುಕೊಂಡರು. ಅವನ ಕಾರ್ನಿಯಾವನ್ನ 37 ವರ್ಷದ ಮಹಿಳೆಗೆ ಹಾಕಿದರು. ಸುಮಾರು ಒಂದು ತಿಂಗಳಿಗೆ ಆಕೆಗೆ ತಲೆನೋವು ಶುರುವಾಯ್ತು, ಕಸಿಯಾದ ಕಣ್ಣಿನ ಹಿಂದೆಯೇ. 50ನೇ ದಿನದ ಹೊತ್ತಿಗೆ ಆಕೆ ಇರಲಿಲ್ಲ. ಕಾರಣ ರೇಬೀಸ್. ದಾನಿಯ ಕಣ್ಣನ್ನ ಪರೀಕ್ಷೆ ಮಾಡಿದಾಗ ಅಲ್ಲೂ ಅದೇ ವೈರಸ್.

ಇದು ಅಮೆರಿಕಕ್ಕೆ ಮಾತ್ರ ಸೀಮಿತ ಅಂದ್ಕೋಬೇಡಿ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ನಮ್ಮ ದೇಶದ ವರದಿಯೇ ಬಂತು: ಒಬ್ಬನೇ ದಾನಿ, ಎರಡು ಕಾರ್ನಿಯಾ, ಪಡೆದ ಇಬ್ಬರೂ ರೇಬೀಸ್‌ನಿಂದ ಸಾವು. ಫ್ರಾನ್ಸ್, ಥಾಯ್ಲೆಂಡ್, ಇರಾನ್ ಸೇರಿಸಿದ್ರೆ ಇಂಥ ಕನಿಷ್ಠ 8 ಪ್ರಕರಣ ದಾಖಲಾಗಿವೆ.

ಈಗ ಒಂದು ವಿಚಿತ್ರ ಕೇಳಿ. ಎಚ್‌ಐವಿ ಕಾಲದಲ್ಲಿ ಎಲ್ಲರೂ ಹೆದರಿದ್ರು. ಸೋಂಕಿದ್ದ ದಾನಿಗಳ ಕಾರ್ನಿಯಾ ಗೊತ್ತಿಲ್ಲದೆ ಕೆಲವರಿಗೆ ಹೋಗಿತ್ತು ಕೂಡ. ಆದ್ರೆ ಕಾರ್ನಿಯಾದಿಂದ ಎಚ್‌ಐವಿ ಹರಡಿದ ಖಚಿತ ದಾಖಲೆ ಒಂದೂ ಇಲ್ಲ. ಹಾಗಾದ್ರೆ ರೇಬೀಸ್ ಹೇಗೆ ದಾಟಿತು? ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಆದ್ರೆ ನರಗಳು ದಂಡಿಯಾಗಿವೆ, ಅದಕ್ಕೇ ಕಣ್ಣಿಗೆ ಒಂದು ಧೂಳಿನ ಕಣ ಬಿದ್ರೂ ನಾವು ಒದ್ದಾಡೋದು. ರೇಬೀಸ್ ಓಡಾಡೋದು ನರದ ದಾರೀಲೇ. ರಕ್ತನಾಳ ಇಲ್ಲದಿರೋದ್ರಿಂದಲೇ ಬೇರೆಯವರ ಕಾರ್ನಿಯಾವನ್ನ ನಮ್ಮ ದೇಹ ಸುಲಭವಾಗಿ ಒಪ್ಪಿಕೊಳ್ಳುತ್ತೆ. ನರ ಇರೋದ್ರಿಂದ ಈ ಒಂದು ಕಳ್ಳದಾರಿ ಉಳೀತು. ಆದ್ರೂ ರಿಸ್ಕ್ ತಗೊಳ್ಳಲ್ಲ: ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಈ ನಾಲ್ಕಕ್ಕೂ ದಾನಿಯ ರಕ್ತ ಪರೀಕ್ಷೆ ಆಗುತ್ತೆ.

ಇವೆಲ್ಲ ಅಪರೂಪದ ದುರಂತಗಳು. ದಿನನಿತ್ಯದ ಶತ್ರು ಬೇರೆ: ಬ್ಯಾಕ್ಟೀರಿಯಾ ಮತ್ತು ಫಂಗಸ್. 1974ರಲ್ಲೇ ಮೆಕ್ಯಾರಿ ಮತ್ತು ಕೌಫ್‌ಮನ್ ಒಂದು ದ್ರಾವಣ ಕಂಡುಹಿಡಿದ್ರು. ಆಂಟಿಬಯೋಟಿಕ್ ಬೆರೆಸಿದ ಆ ದ್ರಾವಣದಲ್ಲಿ 4 ಡಿಗ್ರಿ ತಂಪಿನಲ್ಲಿ ಕಾರ್ನಿಯಾ ನಾಲ್ಕು ದಿನ ಇರುತ್ತೆ. ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬರೋವರೆಗೂ ಕಾಯೋಕೆ ಇದರಿಂದ ಟೈಮ್ ಸಿಕ್ತು. ಒಂದು ಕೊರತೆ ಉಳೀತು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಫಂಗಸ್ ಕೊಲ್ಲಲ್ಲ. ಅದಕ್ಕೇ ಎಷ್ಟೋ ಸರ್ಜನ್‌ಗಳು ಕಸಿ ಮಾಡಿ ಉಳಿದ ಅಂಚನ್ನ ಲ್ಯಾಬಿಗೆ ಕಳಿಸ್ತಾರೆ.

ಆಪರೇಷನ್ ಮುಗಿದ್ರೂ ಕಥೆ ಮುಗಿಯಲ್ಲ. ಹೊಸ ಕಾರ್ನಿಯಾವನ್ನ ದೇಹ ತಳ್ಳಿಹಾಕಬಾರದು ಅಂತ ತಿಂಗಳುಗಟ್ಟಲೆ ಸ್ಟಿರಾಯ್ಡ್ ಡ್ರಾಪ್ಸ್ ಹಾಕ್ತಾರೆ. ಅದೇ ಡ್ರಾಪ್ಸ್ ಸೋಂಕಿನ ವಿರುದ್ಧ ಹೋರಾಡೋ ಶಕ್ತೀನೂ ತಗ್ಗಿಸುತ್ತೆ. ಕೂದಲಿಗಿಂತ ತೆಳುವಾದ ಹೊಲಿಗೆ ಒಂದು ಸಡಿಲ ಆದ್ರೂ ಸಾಕು, ರೋಗಾಣುಗೆ ಬಾಗಿಲು ತೆರೆದ ಹಾಗೆ. ಕಣ್ಣು ಕೆಂಪಾಗೋದು, ಬೆಳಕು ಚುಚ್ಚೋದು, ನೋವು, ಮಂಜು. ನಿಮ್ಮ ಮನೇಲಿ ಕಸಿ ಮಾಡಿಸಿಕೊಂಡವರಿದ್ರೆ ಈ ನಾಲ್ಕನ್ನ ನೆನಪಿಡಿ. ಒಂದು ಕಂಡ್ರೂ ಮೆಡಿಕಲ್ ಶಾಪಿಗಲ್ಲ, ಅವತ್ತೇ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು.

2021ರ ಅಕ್ಟೋಬರ್ 29 ನಮಗ್ಯಾರಿಗೂ ಮರೆಯೋಕಾಗಲ್ಲ. ಅಪ್ಪು ಹೋದ ದಿನ. 2006ರಲ್ಲಿ ಅಣ್ಣಾವ್ರು ಕಣ್ಣು ಕೊಟ್ಟು ಹೋಗಿದ್ರು, ಮಗನೂ ಅದೇ ದಾರಿ ಹಿಡಿದರು. ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ, ಹೀಗೆ ಎರಡು ಕಣ್ಣಿಂದ ನಾಲ್ಕು ಜನಕ್ಕೆ ಬೆಳಕಾಯ್ತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸೋಕೆ ಜನ ಮುಗಿಬಿದ್ರು.

ಹೆಸರು ಬರೆಸೋದು ಒಳ್ಳೇದೇ. ಅದರ ಜೊತೆ ಇನ್ನೊಂದು ಕೆಲಸ ಮಾಡಿ: ಮನೆಯವರಿಗೆ ಈ ಪ್ರಶ್ನೆಗಳ ಬಗ್ಗೆ ಮೊದಲೇ ಹೇಳಿಡಿ. ಆ ದಿನ ಬಂದಾಗ, ನಾಯಿ ಕಚ್ಚಿದ್ದನ್ನ, ಕಾರಣ ತಿಳಿಯದ ಕಾಯಿಲೆಯನ್ನ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಕಸಿಗೆ ಆಗಲ್ಲ ಅಂದ್ರೂ ಬೇಜಾರು ಮಾಡ್ಕೋಬೇಡಿ. ಹಾಗೆ ಪಕ್ಕಕ್ಕಿಟ್ಟ ಒಂದು ಕಣ್ಣು, ಯಾರದೋ ಜೀವ ಉಳಿಸಿರುತ್ತೆ.